ಢೋಲು ಬಾರಿಸಿದ ಕೈಗಳು

ಮದುವೆಯ ದಿಬ್ಬಣವಿರಲಿ, ಕಾಲೇಜಿನ ವಾರ್ಷಿಕೋತ್ಸವವಿರಲಿ, ಒಂದಾದರೂ ಪಂಜಾಬಿ ಹಾಡು ಮೊಳಗದೆ ನಮ್ಮ ಊರುಗಳಲ್ಲೂ ಈಗ ಕಾರ್ಯಕ್ರಮ ಮುಗಿಯುವುದು ಅಪರೂಪ. 1995ರಲ್ಲಿ ದಲೇರ್ ಮೆಹಂದಿಯವರ 'ಬೋಲೋ ತಾ ರಾ ರಾ' ಕ್ಯಾಸೆಟ್ ದೇಶದ ಉದ್ದಗಲಕ್ಕೂ ಹರಡಿದ ಮೇಲೆ ಪಂಜಾಬಿ ತಾಳ ನಮ್ಮ ಕಿವಿಗೂ ಪರಿಚಿತವಾಯಿತು. ಒಂದು ಪದವೂ ಅರ್ಥವಾಗದವರ ಭುಜಗಳು ಕೂಡ ಢೋಲಿನ ಪೆಟ್ಟಿಗೆ ತಾವಾಗಿಯೇ ಕುಣಿಯುತ್ತವೆ.

ಭಾಂಗ್ರಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಬಣ್ಣದ ಪೇಟ ಸುತ್ತಿ, ಲುಂಗಿ, ಜಾಕೀಟು ತೊಟ್ಟ ಸಿಖ್ ಯುವಕರು. ಅವರ ಹಿಂದೆ ತೂಗುವ ಗೋಧಿಯ ಹೊಲ. ಈ ಚಿತ್ರ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಕುಣಿಯುವವರನ್ನು ನಾವು ನೋಡುತ್ತೇವೆ. ಆ ಢೋಲನ್ನು ತಲೆಮಾರುಗಳ ಕಾಲ ಹೆಗಲಿಗೇರಿಸಿಕೊಂಡು ಬಾರಿಸಿದವರು ಯಾರು? ಹಾಡಿನೊಳಗಿನ ಕಥೆಗಳನ್ನು ಕಟ್ಟಿದವರು ಯಾರು? ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಪಂಜಾಬಿನ ಜನಪದ ಸಂಗೀತದ ಇತಿಹಾಸ ಬೇರೆಯೇ ರೂಪದಲ್ಲಿ ತೆರೆದುಕೊಳ್ಳುತ್ತದೆ. ಅದರಲ್ಲಿ ಮುಸ್ಲಿಮರಿದ್ದಾರೆ, ದಲಿತರಿದ್ದಾರೆ, ಅಲೆಮಾರಿಗಳಿದ್ದಾರೆ. ಅವರ ಹೆಸರುಗಳು ಮಾತ್ರ ಸಂಭ್ರಮದ ಸದ್ದಿನಲ್ಲಿ ಮುಳುಗಿಹೋಗಿವೆ.

ಸುಗ್ಗಿಯ ಕುಣಿತ

ಭಾಂಗ್ರಾ ಮೂಲತಃ ರೈತರ ಕುಣಿತ. ಗೋಧಿಯ ಬೆಳೆ ಕಟಾವಿಗೆ ಬರುವ ಏಪ್ರಿಲ್ ತಿಂಗಳ ಬೈಸಾಖಿಯ ಹೊತ್ತಿಗೆ ಹಳ್ಳಿಯ ಗಂಡಸರು ಬಯಲಿನಲ್ಲಿ ಸೇರಿ, ಢೋಲು ಬಾರಿಸುವವನನ್ನು ನಡುವೆ ನಿಲ್ಲಿಸಿ, ಸುತ್ತಲೂ ಕುಣಿಯುತ್ತಿದ್ದರು. ಇದರ ತವರು ಸಿಯಾಲ್‌ಕೋಟ್, ಗುಜ್ರಾನ್‌ವಾಲಾ, ಶೇಖುಪುರ, ಗುಜ್ರಾತ್ ಮತ್ತು ಗುರುದಾಸ್‌ಪುರ ಜಿಲ್ಲೆಗಳು. ಇಲ್ಲಿ ಹೇಳುವ ಗುಜ್ರಾತ್ ಪಂಜಾಬಿನದೇ ಒಂದು ಪಟ್ಟಣ, ಗುಜರಾತ್ ರಾಜ್ಯವಲ್ಲ. ಇವುಗಳಲ್ಲಿ ಗುರುದಾಸ್‌ಪುರದ ಹೆಚ್ಚಿನ ಭಾಗ ಮಾತ್ರ ಇಂದು ಭಾರತದಲ್ಲಿದೆ, ಉಳಿದ ನಾಲ್ಕೂ ಪಾಕಿಸ್ತಾನದಲ್ಲಿವೆ. ಭಾರತದ ಪಂಜಾಬಿನ ಗುರುತೆಂದು ಜಗತ್ತು ಒಪ್ಪಿಕೊಂಡಿರುವ ಕುಣಿತದ ತವರುಮನೆ ಬಹುಪಾಲು ಗಡಿಯ ಆಚೆಗೆ ಉಳಿಯಿತು ಎಂಬುದನ್ನು ನಾವು ಮೊದಲು ನೆನಪಿಡಬೇಕು.

ಪಂಜಾಬಿನ ಕುಣಿತ ಭಾಂಗ್ರಾ ಒಂದೇ ಅಲ್ಲ. ಮೆಲ್ಲನೆ ತೂಗುವ ಝೂಮರ್ ಇದೆ, ಚಪ್ಪಾಳೆಯ ಲುಡ್ಡಿ ಇದೆ, ಹೆಂಗಸರ ಸಮ್ಮಿ ಮತ್ತು ಗಿದ್ಧಾ ಇವೆ. ಗಿದ್ಧಾದಲ್ಲಿ ಹೆಂಗಸರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾ 'ಬೋಲಿ' ಎಂಬ ಪುಟ್ಟ ಪದಗಳನ್ನು ಹೇಳುತ್ತಾರೆ. ಅತ್ತೆಯ ಕಾಟ, ದೂರದ ತವರು, ಸೈನ್ಯಕ್ಕೆ ಹೋದ ಗಂಡ, ಹೀಗೆ ಮನೆಯೊಳಗೆ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಅವರು ಅಲ್ಲಿ ಹೇಳಿಕೊಳ್ಳುತ್ತಾರೆ.

ವಾದ್ಯಗಳೂ ಸರಳವಾದವು. ಢೋಲಿನ ಎರಡು ಮುಖಗಳನ್ನು ಎರಡು ಬಗೆಯ ಕೋಲುಗಳಿಂದ ಬಾರಿಸುತ್ತಾರೆ. ದಪ್ಪನೆಯ ಬಾಗಿದ 'ಡಗ್ಗಾ' ಗಂಭೀರ ಸದ್ದಿಗೆ, ತೆಳ್ಳಗಿನ 'ತಿಲ್ಲಿ' ಚುರುಕು ಸದ್ದಿಗೆ. ಒಂದೇ ತಂತಿಯ ತುಂಬಿ, ಒಂದೇ ಬಾಯಿಯಲ್ಲಿ ಎರಡು ಕೊಳಲು ಊದುವ ಅಲ್ಗೋಝಾ, ಕಬ್ಬಿಣದ ಇಕ್ಕಳದಂತಹ ಚಿಮ್ಟಾ, ಅಂಗೈಯಗಲದ ಢಡ್, ಸಾರಂಗಿ. ಬಡಗಿ, ಕಮ್ಮಾರ, ಚಮ್ಮಾರರ ಕೈಯಿಂದ ಬಂದ ಸಾಮಾನುಗಳಿವು.

ವಾರಸುದಾರರು

ಈ ಸಂಗೀತವನ್ನು ಕಸುಬಾಗಿ ನಡೆಸಿಕೊಂಡು ಬಂದವರಲ್ಲಿ ಪ್ರಮುಖರು ಮೀರಾಸಿಗಳು. 'ಮೀರಾಸ್' ಎಂದರೆ ಅರಬಿ ಭಾಷೆಯಲ್ಲಿ ವಾರಸು, ಪಿತ್ರಾರ್ಜಿತ. ನಮ್ಮ ಹಳೆಯ ಕಂದಾಯ ಕಾಗದಪತ್ರಗಳ 'ಮಿರಾಸಿ' ಎಂಬ ಪದವೂ ಇದೇ ಮೂಲದ್ದು. ಜಮೀನು ಇದ್ದವರಿಗೆ ಅದು ಭೂಮಿಯ ಹಕ್ಕಾದರೆ, ಪಂಜಾಬಿನ ಈ ಜನರಿಗೆ ದಕ್ಕಿದ ಪಿತ್ರಾರ್ಜಿತ ಹಾಡು ಮಾತ್ರ. ಬಹುಪಾಲು ಮುಸ್ಲಿಮರಾದ ಇವರು ಹಿಂದೂ, ಸಿಖ್, ಮುಸ್ಲಿಂ ಎಂಬ ಭೇದವಿಲ್ಲದೆ ಊರಿನ ಜಮೀನ್ದಾರ ಮನೆಗಳ ವಂಶಾವಳಿಯನ್ನು ಬಾಯಿಪಾಠವಾಗಿ ಉಳಿಸಿಕೊಂಡಿದ್ದರು. ಮಗು ಹುಟ್ಟಿದಾಗ, ಮದುವೆಯಾದಾಗ ಬಂದು ಹಾಡುತ್ತಿದ್ದರು. ನಮ್ಮ ಹಳ್ಳಿಗಳ ಆಯಗಾರರಂತೆ ಸುಗ್ಗಿಯಲ್ಲಿ ಅವರಿಗೆ ಧಾನ್ಯದ ಪಾಲು ಸಿಗುತ್ತಿತ್ತು. ಅವರಿಲ್ಲದೆ ಶುಭಕಾರ್ಯವಿಲ್ಲ, ಆದರೆ ಪಂಕ್ತಿಯಲ್ಲಿ ಅವರಿಗೆ ಜಾಗವಿಲ್ಲ. 'ಮೀರಾಸಿ' ಎಂಬುದು ಪಂಜಾಬಿನಲ್ಲಿ ಬೈಗುಳವಾಗಿಯೂ ಬಳಕೆಯಾಯಿತು. ಹಾಡು ಬೇಕು, ಹಾಡುವವನು ಬೇಡ ಎಂಬ ಈ ಧೋರಣೆ ಯಾವುದೇ ಒಂದು ಧರ್ಮದವರದ್ದಾಗಿರಲಿಲ್ಲ. ಮುಸ್ಲಿಂ ಜಮೀನ್ದಾರರೂ ಇದರಿಂದ ಹೊರತಾಗಿರಲಿಲ್ಲವೆಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಆದರೆ ಇದೇ ಮೀರಾಸಿ ಸಮುದಾಯದ ಒಬ್ಬರಿಗೆ ಇತಿಹಾಸದಲ್ಲಿ ಅಪೂರ್ವ ಗೌರವ ಸಂದಿದೆ. ಅವರು ಭಾಯಿ ಮರ್ದಾನಾ. ಗುರು ನಾನಕರ ಬಾಲ್ಯದ ಊರಾದ ತಲ್ವಂಡಿಯವರು, ಮುಸ್ಲಿಮರು. ನಾನಕರು ಹಾಡುತ್ತಿದ್ದರೆ ಮರ್ದಾನಾ ರಬಾಬ್ ನುಡಿಸುತ್ತಿದ್ದರು. ದೀರ್ಘ ಯಾತ್ರೆಗಳಲ್ಲಿ ಇಬ್ಬರೂ ಜೊತೆಗಿದ್ದರು. ನಮ್ಮ ಬೀದರಿನ ಗುರುನಾನಕ್ ಝೀರಾದ ಸಿಹಿನೀರಿನ ಬುಗ್ಗೆಯ ಬಳಿ ನಾನಕರು ಮರ್ದಾನಾರೊಂದಿಗೆ ತಂಗಿದ್ದರೆಂಬ ಪ್ರತೀತಿ ಇಂದಿಗೂ ಜೀವಂತವಾಗಿದೆ. ಮರ್ದಾನಾರ ಪರಂಪರೆಯವರೇ 'ರಬಾಬಿ'ಗಳೆನಿಸಿಕೊಂಡು ಗುರುದ್ವಾರಗಳಲ್ಲಿ ಕೀರ್ತನೆ ಹಾಡಿದರು. ಸತ್ತಾ ಮತ್ತು ಬಲ್ವಂಡ್ ಎಂಬ ರಬಾಬಿಗಳ ರಚನೆ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿದೆ. ಅದೇ ಗ್ರಂಥದಲ್ಲಿ ಪಾಕ್‌ಪಟ್ಟಣದ ಸೂಫಿ ಸಂತ ಬಾಬಾ ಫರೀದರ ವಾಣಿಯೂ ಇದೆ. ಆರನೆಯ ಗುರು ಹರಗೋಬಿಂದರ ದರ್ಬಾರಿನಲ್ಲಿ ವೀರಗೀತೆ ಹಾಡಿದ ಢಾಡಿಗಳು ಇಬ್ಬರು: ಅಬ್ದುಲ್ಲಾ ಮತ್ತು ನಾಥಾ. ಒಬ್ಬರು ಢಡ್ ಬಾರಿಸಿದರೆ ಇನ್ನೊಬ್ಬರು ಸಾರಂಗಿ ನುಡಿಸುತ್ತಿದ್ದರು. ಅಮೃತಸರದ ಹರ್ಮಂದಿರ್ ಸಾಹಿಬ್‌ನಲ್ಲಿ ಮುಸ್ಲಿಂ ರಬಾಬಿಗಳ ಹಾಡುಗಾರಿಕೆ 1947ರವರೆಗೂ ನಡೆದಿತ್ತು.

ಹಂಚಿಕೊಂಡ ಕಥೆಗಳು

ಪಂಜಾಬಿನ ಹಾಡುಗಳ ಪ್ರಾಣವೆಂದರೆ ಅಲ್ಲಿನ 'ಕಿಸ್ಸೆ'ಗಳು, ಅಂದರೆ ಪದ್ಯರೂಪದ ದೀರ್ಘ ಕಥೆಗಳು. ಹೀರ್-ರಾಂಝಾ, ಮಿರ್ಜಾ-ಸಾಹಿಬಾ, ಸೋಹಿಣಿ-ಮಹಿವಾಲ್, ಸಸ್ಸಿ-ಪುನ್ನೂ. ಇವುಗಳಲ್ಲಿ ಹೀರ್ ಎಲ್ಲಕ್ಕಿಂತ ದೊಡ್ಡದು. ಮುಸ್ಲಿಂ ಕುಟುಂಬದ ಹುಡುಗಿ ಹೀರ್‌ಳ ಕಥೆಯನ್ನು ಪಂಜಾಬಿಯಲ್ಲಿ ಮೊದಲು ಪದ್ಯವಾಗಿಸಿದ ಕೀರ್ತಿ ದಾಮೋದರ್ ಎಂಬ ಹಿಂದೂ ಕವಿಗೆ ಸಲ್ಲುತ್ತದೆ. 1766ರಲ್ಲಿ ವಾರಿಸ್ ಶಾಹ್ ಅದನ್ನು ಮತ್ತೆ ಬರೆದರು. ಇಂದಿಗೂ ಹಳ್ಳಿಗಳಲ್ಲಿ ಭೈರವಿಯ ಛಾಯೆಯ ಧಾಟಿಯಲ್ಲಿ ಹಾಡುವುದು ವಾರಿಸ್ ಶಾಹರ ಹೀರ್ ಅನ್ನೇ. ಇನ್ನೊಂದೆಡೆ ಸಿಯಾಲ್‌ಕೋಟಿನ ಹಿಂದೂ ಯೋಗಿ ಪೂರನ್ ಭಗತನ ಕಥೆಯನ್ನು ಜನಪ್ರಿಯಗೊಳಿಸಿದವರು ಖಾದಿರ್ ಯಾರ್ ಎಂಬ 19ನೇ ಶತಮಾನದ ಮುಸ್ಲಿಂ ಕವಿ. ಯಾರ ಕಥೆಯನ್ನು ಯಾರು ಹೇಳಬೇಕೆಂಬ ತಕರಾರು ಆಗ ಇದ್ದಂತಿಲ್ಲ.

ಸೂಫಿ ಕವಿಗಳು ಈ ಹಾಡಿಗೆ ಇನ್ನೊಂದು ಆಳವನ್ನು ಕೊಟ್ಟರು. ಲಾಹೋರಿನ ನೇಕಾರ ಮನೆತನದ ಶಾಹ್ ಹುಸೇನ್ 16ನೇ ಶತಮಾನದಲ್ಲಿ ಚರಕ ತಿರುಗಿಸುವ ಹುಡುಗಿಯ ದನಿಯಲ್ಲಿ ದೇವರನ್ನು ಕರೆದರು. ಕಸೂರಿನ ಬುಲ್ಲೇ ಶಾಹ್ ಸೈಯದ್ ಮನೆತನದಲ್ಲಿ ಹುಟ್ಟಿ, ತೋಟಗಾರಿಕೆ ಕಸುಬಿನ ಅರೈನ್ ಜಾತಿಯ ಶಾಹ್ ಇನಾಯತ್‌ರನ್ನು ಗುರುವಾಗಿ ಸ್ವೀಕರಿಸಿ ಬಂಧುಗಳ ಸಿಟ್ಟಿಗೆ ಗುರಿಯಾದರು. ಜಾತಿಯ ಹೆಮ್ಮೆಯನ್ನು ಮುರಿದ ಆ ನಡೆಯೇ ಅವರ ಕಾಫಿಗಳ ಬೆನ್ನೆಲುಬು. ದರ್ಗಾಗಳ ಉರೂಸ್‌ಗಳಲ್ಲಿ ಢೋಲು 'ಧಮಾಲ್' ಎಂಬ ತಾಳವನ್ನು ನುಡಿಯಿತು. ಲಾಹೋರಿನ ಶಾಹ್ ಜಮಾಲ್ ದರ್ಗಾದಲ್ಲಿ ಗುರುವಾರದ ರಾತ್ರಿಗಳಲ್ಲಿ ಢೋಲು ಬಾರಿಸಿ ದೇಶವಿದೇಶಗಳಲ್ಲಿ ಹೆಸರಾದ ಪಪ್ಪು ಸಾಯಿ 2021ರಲ್ಲಿ ತೀರಿಕೊಂಡರು. ಸಖಿ ಸರ್ವರ್ ದರ್ಗಾಕ್ಕೆ ಎಲ್ಲ ಧರ್ಮದ ಯಾತ್ರಿಕರನ್ನು ಢೋಲು ಬಾರಿಸುತ್ತಾ ಕರೆದೊಯ್ಯುತ್ತಿದ್ದ 'ಭರಾಯಿ'ಗಳೂ ಮುಸ್ಲಿಮರೇ.

ಪಂಜಾಬಿನ ಹಿಂದೂಗಳೂ ಸಿಖ್ಖರೂ ಜನವರಿಯ ಚಳಿಯಲ್ಲಿ ಬೆಂಕಿ ಹಾಕಿ ಲೋಹ್ರಿ ಆಚರಿಸುವಾಗ ಮಕ್ಕಳು ಹಾಡಿನಲ್ಲಿ ನೆನೆಯುವ ವೀರ ದುಲ್ಲಾ ಭಟ್ಟಿ. ಅವನು ಅಕ್ಬರನ ಆಡಳಿತದ ವಿರುದ್ಧ ಬಂಡೆದ್ದು ಲಾಹೋರಿನಲ್ಲಿ ಗಲ್ಲಿಗೇರಿದ ಮುಸ್ಲಿಂ ರಜಪೂತ. ಅನಾಥ ಹಿಂದೂ ಹೆಣ್ಣುಮಕ್ಕಳನ್ನು ಕಾಪಾಡಿ, ತಂದೆಯ ಸ್ಥಾನದಲ್ಲಿ ನಿಂತು ಮದುವೆ ಮಾಡಿಸಿದನೆಂದು ಜನಪದ ಅವನನ್ನು ಕೊಂಡಾಡುತ್ತದೆ. ದೊರೆಯೂ ಮುಸ್ಲಿಂ, ದೊರೆಯನ್ನು ಎದುರಿಸಿದವನೂ ಮುಸ್ಲಿಂ. ಜನ ತಮ್ಮ ಹಾಡಿನಲ್ಲಿ ಉಳಿಸಿಕೊಂಡದ್ದು ಬಡವರ ಪರ ನಿಂತವನನ್ನು.

1947: ಹಾಡು ಮುರಿದ ವರ್ಷ

ದೇಶ ವಿಭಜನೆಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆಮಠ ಬಿಟ್ಟು ಗಡಿ ದಾಟಿದರು. ಲಕ್ಷಾಂತರ ಜನ ಕೊಲೆಯಾದರು. ಅದರ ಅತಿ ದೊಡ್ಡ ಪೆಟ್ಟು ಬಿದ್ದದ್ದು ಪಂಜಾಬಿನ ಮೇಲೆ. ಗುಜ್ರಾನ್‌ವಾಲಾದಲ್ಲಿ ಹುಟ್ಟಿದ ಅಮೃತಾ ಪ್ರೀತಂ ಆ ದುಃಖವನ್ನು ಕವಿತೆಯಾಗಿಸಿದಾಗ ಅವರು ಕೂಗಿ ಕರೆದದ್ದು ವಾರಿಸ್ ಶಾಹರನ್ನು. ಪಂಜಾಬಿನ ಹೆಣ್ಣುಮಕ್ಕಳ ಅಳಲು ಅರ್ಥವಾಗುವುದು ಹೀರ್‌ಳ ಕಥೆ ಬರೆದವನಿಗೆ ಎಂದು ಒಬ್ಬ ಸಿಖ್ ಮಹಿಳೆಗೆ ಅನಿಸಿತ್ತು.

ಪ್ರಾಣ, ಆಸ್ತಿಗಳ ನಷ್ಟದ ಲೆಕ್ಕವನ್ನು ಇತಿಹಾಸಕಾರರು ಹಾಕಿದ್ದಾರೆ. ಹಾಡಿನ ನಷ್ಟದ ಲೆಕ್ಕ ಹಾಕಿದವರು ಕಡಿಮೆ. ಪೂರ್ವ ಪಂಜಾಬಿನ ಹಳ್ಳಿಗಳಿಂದ ಮೀರಾಸಿಗಳೂ ಭರಾಯಿಗಳೂ ಪಶ್ಚಿಮಕ್ಕೆ ಹೊರಟುಹೋದಾಗ ಇಲ್ಲಿ ಢೋಲು ಬಾರಿಸುವ ಕೈಗಳೇ ಇಲ್ಲವಾದವು. ಅತ್ತ ಲಾಹೋರು, ಲ್ಯಾಲ್‌ಪುರ ಸೇರಿದ ರಬಾಬಿಗಳಿಗೆ ಹಾಡು ಬಾಯಿತುಂಬ ಇತ್ತು, ಕೇಳಲು ಸಿಖ್ಖರ ಸಂಗತ್ ಇರಲಿಲ್ಲ. ಶತಮಾನಗಳಿಂದ ಗುರುವಾಣಿ ಹಾಡಿದ ಮನೆತನಗಳು ಹೊಟ್ಟೆಪಾಡಿಗೆ ಬೇರೆ ಕೆಲಸ ಹುಡುಕಬೇಕಾಯಿತು. ಜಾಲಂಧರ್ ಜಿಲ್ಲೆಯ ಪಖವಾಜ್ ವಾದಕರ ಮನೆತನದ ತುಫೈಲ್ ನಿಯಾಝಿ ಮುಲ್ತಾನಿಗೆ ಹೋಗಿ ಹಾಲಿನ ಅಂಗಡಿ ಇಟ್ಟರು. ಆ ಅಂಗಡಿಯಿಂದ ಎದ್ದು ಬಂದು ಮತ್ತೆ ಹಾಡತೊಡಗಿದ ಅವರು, 1964ರಲ್ಲಿ ಪಾಕಿಸ್ತಾನ ದೂರದರ್ಶನ ಆರಂಭವಾದಾಗ ಅದರಲ್ಲಿ ಹಾಡಿದ ಮೊದಲ ಗಾಯಕರೆನಿಸಿದರು.

ಭಾರತದ ಪಂಜಾಬಿನಲ್ಲಿ ಆ ಖಾಲಿ ಜಾಗವನ್ನು ತುಂಬಿದವರು ಬಾಜಿಗರರು. ದೊಂಬರಾಟ ಆಡುತ್ತಿದ್ದ ಈ ಅಲೆಮಾರಿ ಸಮುದಾಯ ಢೋಲನ್ನು ಕೈಗೆತ್ತಿಕೊಂಡಿತು. ಸುನಾಮ್ ಪಟ್ಟಣದ ಭಾನಾ ರಾಮ್ ಅಂಥ ಒಬ್ಬ ಉಸ್ತಾದರು. ಅವರ ಢೋಲು ಮತ್ತು ಮನೋಹರ್ ದೀಪಕ್ ಸಹೋದರರ ಕುಣಿತ ಸೇರಿ, ಪಟಿಯಾಲದ ಮಹಾರಾಜರ ಪ್ರೋತ್ಸಾಹದಲ್ಲಿ ಪೆಪ್ಸು ರಾಜ್ಯದ ತಂಡವೊಂದು ಸಿದ್ಧವಾಯಿತು. 1954ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯಲ್ಲಿ ಕುಣಿದು ಆ ತಂಡ ದೇಶದ ಗಮನ ಸೆಳೆಯಿತು. 'ಜಾಗ್ತೇ ರಹೋ', 'ನಯಾ ದೌರ್' ಚಿತ್ರಗಳು ಆ ಕುಣಿತವನ್ನು ಬೆಳ್ಳಿತೆರೆಗೆ ತಂದವು. ಇಂದು ನಾವು ವೇದಿಕೆಯ ಮೇಲೆ ನೋಡುವ ಭಾಂಗ್ರಾ ರೂಪುಗೊಂಡದ್ದು ಹೀಗೆ. ಸಿಯಾಲ್‌ಕೋಟಿನ ಕಡೆಯ ಕುಣಿತದ ಜೊತೆ ಝೂಮರ್, ಲುಡ್ಡಿ ಮುಂತಾದವುಗಳ ಹೆಜ್ಜೆಗಳನ್ನೂ ಹೆಣೆದು, ನಿರಾಶ್ರಿತರೂ ಸ್ಥಳೀಯರೂ ಸೇರಿ ಕಟ್ಟಿದ ಹೊಸ ರೂಪವದು. ಅದು ಸಾವಿರಾರು ವರ್ಷಗಳಿಂದ ಬದಲಾಗದೆ ಉಳಿದು ಬಂದದ್ದಲ್ಲ. ಕಳೆದುಕೊಂಡವರು ಉಳಿದದ್ದನ್ನು ಕೂಡಿಸಿ ಕಟ್ಟಿದ್ದು. ಇದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂದೇ ನಾವು ಭಾವಿಸುತ್ತೇವೆ.

ಗಡಿಯ ಎರಡೂ ಬದಿಯ ದನಿಗಳು

ವಿಭಜನೆಯ ನಂತರದ ಕಲಾವಿದರ ಬದುಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗಡಿರೇಖೆ ಎಷ್ಟು ತೆಳುವಾದದ್ದೆಂದು ತಿಳಿಯುತ್ತದೆ. 'ಪಂಜಾಬಿನ ಕೋಗಿಲೆ' ಎನಿಸಿದ ಸುರಿಂದರ್ ಕೌರ್ ಹುಟ್ಟಿದ್ದು 1929ರಲ್ಲಿ ಲಾಹೋರಿನಲ್ಲಿ. ಅವರಿಗೂ ಅಕ್ಕ ಪ್ರಕಾಶ್ ಕೌರ್ ಅವರಿಗೂ ಸಂಗೀತ ಕಲಿಸಿದ ಗುರುಗಳಲ್ಲಿ ಮಾಸ್ಟರ್ ಇನಾಯತ್ ಹುಸೇನ್ ಒಬ್ಬರು. 1943ರಲ್ಲಿ ಲಾಹೋರ್ ರೇಡಿಯೋದಲ್ಲಿ ಹಾಡಿ, ಅದೇ ವರ್ಷ ಅಕ್ಕನೊಂದಿಗೆ ಮೊದಲ ಗ್ರಾಮಫೋನ್ ತಟ್ಟೆ ಹೊರತಂದರು. ವಿಭಜನೆಯ ನಂತರ ದಿಲ್ಲಿ ಸೇರಿದ ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಮದುವೆಮನೆಯ ಹೆಂಗಸರ ಹಾಡುಗಳಿಗೆ ದನಿಯಾಗಿದ್ದರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಹಾಡಬಾರದೆಂಬ ಕಾಲದಲ್ಲಿ ಈ ಅಕ್ಕತಂಗಿಯರು ತೆರೆದ ದಾರಿ ಸಣ್ಣದಲ್ಲ.

ತುಂಬಿಗೆ ಮನೆಮನೆಯಲ್ಲಿ ಹೆಸರು ತಂದ ಲಾಲ್ ಚಂದ್ ಯಮ್ಲಾ ಜಟ್ ಲ್ಯಾಲ್‌ಪುರ ಜಿಲ್ಲೆಯಲ್ಲಿ ಹುಟ್ಟಿ, ಲುಧಿಯಾನದಲ್ಲಿ ನೆಲೆ ಕಂಡವರು. ಅತ್ತ ಗುಜ್ರಾತ್ ಜಿಲ್ಲೆಯ ಆಲಂ ಲೋಹಾರ್ ಕಮ್ಮಾರ ಕುಲದವರು. ಕುಲುಮೆಯ ಕಬ್ಬಿಣದ ಇಕ್ಕಳವೇ ಅವರ ಕೈಯಲ್ಲಿ ವಾದ್ಯವಾಯಿತು. ಜಾತ್ರೆಗಳಲ್ಲಿ ಡೇರೆ ಹಾಕಿ 'ಜುಗ್ನಿ' ಮತ್ತು ಕಿಸ್ಸೆಗಳನ್ನು ಹಾಡಿದ ಅವರು 1979ರಲ್ಲಿ ರಸ್ತೆ ಅಪಘಾತದಲ್ಲಿ ಮಡಿದರು. ಮಗ ಆರಿಫ್ ಲೋಹಾರ್ ಅದೇ ಚಿಮ್ಟಾ ಹಿಡಿದು ತಂದೆಯ ದಾರಿಯಲ್ಲಿ ನಡೆದರು. ರಾಜಸ್ಥಾನದ ಬಂಜಾರಾ ಕುಟುಂಬದಲ್ಲಿ ಹುಟ್ಟಿ, ಪಾಕಿಸ್ತಾನ ಸೇರಿ, ಸೆಹ್ವಾನಿನ ದರ್ಗಾದಲ್ಲಿ ಹಾಡುತ್ತಿದ್ದ ರೇಷ್ಮಾ ಶಾಲೆಯ ಮುಖ ಕಂಡವರಲ್ಲ. 1983ರ 'ಹೀರೋ' ಚಿತ್ರದ ಅವರ ವಿರಹಗೀತೆಯನ್ನು ಗಡಿಯ ಎರಡೂ ಕಡೆಯವರು ತಮ್ಮದೆಂದೇ ತಿಳಿದರು. ಕವ್ವಾಲಿಯನ್ನು ಜಗತ್ತಿಗೆ ಮುಟ್ಟಿಸಿದ ನುಸ್ರತ್ ಫತೇಹ್ ಅಲಿ ಖಾನ್ ಅವರ ಮನೆತನ ಜಾಲಂಧರ್‌ನಿಂದ ವಲಸೆ ಹೋದದ್ದು.

ಭಾರತದ ಪಂಜಾಬಿನಲ್ಲೇ ಉಳಿದ ಮೀರಾಸಿ ಕುಟುಂಬಗಳೂ ಇದ್ದವು. ಬಠಿಂಡಾ ಜಿಲ್ಲೆಯ ಜಲಾಲ್ ಗ್ರಾಮದ ಲತೀಫ್ ಮುಹಮ್ಮದ್ ಎಂಬ ಹುಡುಗ ಬೆಳೆದು 'ಕುಲ್ದೀಪ್ ಮಾಣಕ್' ಆದ. ಫಿರೋಜ್‌ಪುರದ ಖುಷಿ ಮುಹಮ್ಮದ್ ಕವ್ವಾಲರಿಂದ ಕಲಿತು, 'ಕಲಿ' ಎಂಬ ಹಳೆಯ ಪದ್ಯಪ್ರಕಾರಕ್ಕೆ ಹೊಸ ಜೀವ ಕೊಟ್ಟ ಇವರು 2011ರಲ್ಲಿ ತೀರಿಕೊಂಡಾಗ ಇಡೀ ಪಂಜಾಬು ಕಣ್ಣೀರು ಹಾಕಿತು. ಹೊಸ ತಲೆಮಾರಿನ ನೂರಾನ್ ಸಹೋದರಿಯರು ಹಿಂದಿನ ತಲೆಮಾರಿನ ಗಾಯಕಿ ಬೀಬಿ ನೂರಾನ್ ಅವರ ಮೊಮ್ಮಕ್ಕಳು.

ಸೌತಾಲ್‌ನ ಬೀದಿಗಳಲ್ಲಿ

1950-60ರ ದಶಕಗಳಲ್ಲಿ ಪಂಜಾಬಿನ ಸಾವಿರಾರು ಮಂದಿ ಬ್ರಿಟನ್ನಿನ ಎರಕದ ಕಾರ್ಖಾನೆಗಳಿಗೆ, ಗಿರಣಿಗಳಿಗೆ ಕೂಲಿಗಳಾಗಿ ಹೋದರು. ಬರ್ಮಿಂಗ್‌ಹ್ಯಾಂ ಪಕ್ಕದ ಸ್ಮೆದಿಕ್‌ನಲ್ಲಿ 1967ರಲ್ಲಿ ಭುಜಂಗಿ ಎಂಬ ತಂಡ ಹುಟ್ಟಿತು. ಲಂಡನ್ನಿನ ಸೌತಾಲ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಚನ್ನಿ ಸಿಂಗ್ ಅವರ 'ಆಲಾಪ್' ತಂಡ ಢೋಲಕ್ಕಿನ ಜೊತೆ ಗಿಟಾರ್, ಸಿಂಥಸೈಜರ್‌ಗಳನ್ನು ಸೇರಿಸಿತು. ಅದೇ ಸೌತಾಲ್‌ನಲ್ಲಿ 1976ರಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ತರುಣ ಜನಾಂಗೀಯ ದ್ವೇಷಕ್ಕೆ ಬಲಿಯಾಗಿದ್ದ. ಶಾಲೆಯಲ್ಲಿ, ಬೀದಿಯಲ್ಲಿ ಅವಮಾನ ನುಂಗುತ್ತಿದ್ದ ಮಕ್ಕಳಿಗೆ ಭಾಂಗ್ರಾ ತಮ್ಮ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳುವ ಧೈರ್ಯ ಕೊಟ್ಟಿತು. ಅಲ್ಲಿ ಸಿಖ್, ಮುಸ್ಲಿಂ, ಹಿಂದೂ ತರುಣರು ಒಂದೇ ಸಭಾಂಗಣದಲ್ಲಿ ಕುಣಿದರು. ಮುಹಮ್ಮದ್ ಅಯೂಬ್ ಅವರು ಬರ್ಮಿಂಗ್‌ಹ್ಯಾಂನಲ್ಲಿ ಕಟ್ಟಿದ ಓರಿಯೆಂಟಲ್ ಸ್ಟಾರ್ ಏಜೆನ್ಸೀಸ್ ನುಸ್ರತ್ ಅವರ ಕವ್ವಾಲಿಗಳನ್ನೂ ಮಲ್ಕಿತ್ ಸಿಂಗರ ಭಾಂಗ್ರಾವನ್ನೂ ಒಂದೇ ಅಂಗಡಿಯಿಂದ ಲೋಕಕ್ಕೆ ಹಂಚಿತು. ಲಾಭ್ ಜಂಜುವಾ ಹಾಡಿ, ಪಂಜಾಬಿ ಎಂ.ಸಿ. 1998ರಲ್ಲಿ ಹೊರತಂದ ಹಾಡು 2003ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಯಮ್ಲಾ ಜಟ್ಟರ ಆ ಒಂದು ತಂತಿಯ ತುಂಬಿ ಯುರೋಪಿನ ನೃತ್ಯಶಾಲೆಗಳಲ್ಲಿ ಮೊಳಗಿತು. 2023ರಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ದಿಲ್ಜಿತ್ ದೋಸಾಂಝ್ ಪಂಜಾಬಿಯಲ್ಲೇ ಹಾಡಿದರು.

ಏಳಿಗೆಯ ಜೊತೆ ಕಹಿಯೂ ಬಂದಿದೆ. ದಲಿತ ಕುಟುಂಬದಲ್ಲಿ ಹುಟ್ಟಿ ಪಂಜಾಬಿನ ಅತಿ ಜನಪ್ರಿಯ ಗಾಯಕನಾದ ಅಮರ್ ಸಿಂಗ್ ಚಮ್ಕೀಲಾ ಮತ್ತು ಪತ್ನಿ ಅಮರ್‌ಜೋತ್ 1988ರ ಮಾರ್ಚ್ 8ರಂದು ಗುಂಡಿಗೆ ಬಲಿಯಾದರು. ಸಿಧು ಮೂಸೆವಾಲಾ 2022ರಲ್ಲಿ ಕೊಲೆಯಾದರು. ಬಂದೂಕು, ಮದ್ಯ, ಜಮೀನ್ದಾರಿ ಜಾತಿಯ ಜಂಬವನ್ನು ಮೆರೆಸುವ ಹಾಡುಗಳು ಇಂದು ಹೇರಳವಾಗಿವೆ. ಬುಲ್ಲೇ ಶಾಹ್ ಮುರಿದ ಹೆಮ್ಮೆಯನ್ನೇ ಇವು ಮತ್ತೆ ಕಟ್ಟುತ್ತಿವೆ ಎಂಬುದು ದುಃಖದ ಸಂಗತಿ.

ಒಂದು ಹೆಸರಿನ ಮೊಕದ್ದಮೆ

ರಂಜಿತ್ ಕೌರ್ ಅವರೊಂದಿಗಿನ ಯುಗಳಗೀತೆಗಳಿಂದ ಮನೆಮಾತಾದ ಮುಹಮ್ಮದ್ ಸಾದಿಕ್ ಅವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. 2012ರಲ್ಲಿ ಅವರು ಪರಿಶಿಷ್ಟ ಜಾತಿಗೆ ಮೀಸಲಾದ ಭದೌರ್ ಕ್ಷೇತ್ರದಿಂದ ಶಾಸಕರಾದರು. ಮುಸ್ಲಿಮರು ಆ ಮೀಸಲಾತಿಗೆ ಅರ್ಹರಲ್ಲವೆಂದು ಎದುರಾಳಿ ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ಹೈಕೋರ್ಟ್ ಆಯ್ಕೆಯನ್ನು ರದ್ದುಪಡಿಸಿತು. ಸಾದಿಕ್ 2006ರಲ್ಲಿ ಸಿಖ್ ಧರ್ಮ ಸ್ವೀಕರಿಸಿದ್ದರು, ಹೆಸರು ಮಾತ್ರ ಬದಲಿಸಿರಲಿಲ್ಲ. ಧರ್ಮ ಬದಲಿಸಿದವರು ಹೆಸರನ್ನೂ ಬದಲಿಸಲೇಬೇಕೆಂದಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. 2019ರಲ್ಲಿ ಅವರು ಫರೀದ್‌ಕೋಟ್‌ನಿಂದ ಲೋಕಸಭೆಗೂ ಆಯ್ಕೆಯಾದರು. ನಾನಕರ ಪಕ್ಕದಲ್ಲಿ ಮರ್ದಾನಾ ರಬಾಬ್ ಹಿಡಿದು ಕುಳಿತಾಗ ಅವರ ಹೆಸರು ಯಾರಿಗೂ ಅಡ್ಡಿಯಾಗಿರಲಿಲ್ಲ. ಐದು ಶತಮಾನಗಳ ನಂತರ ಅದೇ ಕಸುಬಿನ ಜನರಲ್ಲಿ ಒಬ್ಬರು ತಮ್ಮ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಎರಡು ದೇಶಗಳ ಸಂಬಂಧ ಕೆಟ್ಟಾಗಲೆಲ್ಲ ಮೊದಲು ಬಾಗಿಲು ಮುಚ್ಚುವುದು ಕಲಾವಿದರಿಗೆ. 2025ರಲ್ಲಿ ಪಹಲ್ಗಾಮ್‌ನ ಭೀಕರ ಹತ್ಯೆಯ ನಂತರ, ಪಾಕಿಸ್ತಾನಿ ನಟಿಯೊಬ್ಬರು ಇದ್ದಾರೆಂಬ ಕಾರಣಕ್ಕೆ ದಿಲ್ಜಿತ್ ಅವರ ಪಂಜಾಬಿ ಚಿತ್ರ ವಿದೇಶಗಳಲ್ಲಿ ತೆರೆಕಂಡು ಭಾರತದಲ್ಲಿ ತೆರೆಕಾಣಲಿಲ್ಲ. ಅಮಾಯಕರನ್ನು ಕೊಂದವರ ಮೇಲಿನ ಜನರ ಸಿಟ್ಟು ನ್ಯಾಯವಾದುದೇ. ಆದರೆ ಆ ಸಿಟ್ಟಿನ ಭಾರವನ್ನು ಹಾಡುವವರು, ನಟಿಸುವವರು ಹೊರಬೇಕೇ ಎಂದು ನಾವು ಸಾವಧಾನವಾಗಿ ಯೋಚಿಸಬೇಕಾಗಿದೆ.

ಪಂಜಾಬಿನ ಮಲೇರ್‌ಕೋಟ್ಲಾ ಇದಕ್ಕೊಂದು ಉತ್ತರವನ್ನು ಉಳಿಸಿಕೊಂಡಿದೆ. ಗುರು ಗೋಬಿಂದ ಸಿಂಗರ ಎಳೆಯ ಮಕ್ಕಳಿಗೆ ಮರಣದಂಡನೆ ವಿಧಿಸಿದಾಗ ಪ್ರತಿಭಟಿಸಿದವರು ಅಲ್ಲಿನ ನವಾಬ ಶೇರ್ ಮುಹಮ್ಮದ್ ಖಾನ್. ಸಿಖ್ಖರು ಆ ಋಣವನ್ನು ಮರೆಯಲಿಲ್ಲ. 1947ರಲ್ಲಿ ಸುತ್ತಲೂ ಬೆಂಕಿ ಉರಿಯುತ್ತಿದ್ದಾಗ ಆ ಊರಿನ ಮುಸ್ಲಿಮರು ಸುರಕ್ಷಿತವಾಗಿ ಉಳಿದರು. ಒಂದು ಒಳ್ಳೆಯ ಮಾತಿನ ನೆನಪು ಸುಮಾರು 240 ವರ್ಷ ಬಾಳಿ, ಒಂದು ಊರನ್ನೇ ಕಾಪಾಡಿತು.

ಪಂಜಾಬಿನ ಹಾಡನ್ನು ನಾವು ಸಂಭ್ರಮಿಸೋಣ. ಅದರ ಜೊತೆ ಮರ್ದಾನಾ, ಅಬ್ದುಲ್ಲಾ, ಭಾನಾ ರಾಮ್, ಆಲಂ ಲೋಹಾರ್, ಲತೀಫ್ ಮುಹಮ್ಮದ್ ಎಂಬ ಹೆಸರುಗಳನ್ನೂ ನಮ್ಮ ಮಕ್ಕಳಿಗೆ ಹೇಳೋಣ. ಮುಂದಿನ ಬಾರಿ ಯಾವುದಾದರೂ ದಿಬ್ಬಣದಲ್ಲಿ ಢೋಲು ಕೇಳಿದಾಗ, ಕುಣಿಯುವವರಿಂದ ಒಂದು ಕ್ಷಣ ಕಣ್ಣು ಸರಿಸಿ, ಬೆವರು ಸುರಿಸುತ್ತಾ ಅದನ್ನು ಬಾರಿಸುತ್ತಿರುವವನ ಕಡೆ ನೋಡೋಣ. ಅವನ ಹೆಸರೇನೆಂದು ಕೇಳೋಣ.